ಮಕ್ಕಳ ಸಾಧನೆ, ಶಾಲೆಯ ಸುದ್ದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6, 7, 8ನೇ ತರಗತಿಗೆ ಪಾಠ ಮಾಡುತ್ತೇನೆ. ಜೊತೆಗೆ ಸುದ್ದಿ ಫಲಕ, ಪಾಲಕರ ವಾಟ್ಸಾಪ್ ಗುಂಪು, ಬಹುಮಾನದ ಪಟ್ಟಿ ಇವನ್ನೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಪಾಲಕರ ಸಭೆಯಲ್ಲಿ, ಸಂತೆಯಲ್ಲಿ ಸಿಕ್ಕಾಗ, ಚೀಟಿಯಲ್ಲಿ, ಬೇರೆ ಶಾಲೆಯ ಗುರುಗಳ ಫೋನಿನಲ್ಲಿ ತಿರುತಿರುಗಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಕೇಳಿದವರು ಹೇಗೆ ಕೇಳಿದರೋ ಹಾಗೇ ಇವೆ. ನಿಮಗೆ ಬೇಕಾದದ್ದಕ್ಕೆ ನೇರವಾಗಿ ಹೋಗಬಹುದು.

## ಮೊದಮೊದಲ ಪ್ರಶ್ನೆಗಳು

ಫಸ್ಟ್, ಸೆಕೆಂಡ್ ಬಂದವರ ಹೆಸರು ಹೇಳಿದರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಫಸ್ಟ್ ಯಾರು ಬರುತ್ತಾರೆ ಅನ್ನೋದು ತರಗತಿಗೆ ಮೊದಲೇ ಗೊತ್ತಿರುತ್ತದೆ. ಒಂದನೇ ತರಗತಿಯಿಂದ ಅದೇ ಹುಡುಗಿ. ಮತ್ತೆ ಮತ್ತೆ ಅದನ್ನೇ ಹೇಳಿದರೆ ಯಾರಿಗೂ ಹೊಸದೇನೂ ಗೊತ್ತಾಗಲ್ಲ, ಆ ಹುಡುಗಿಗೂ ಗೊತ್ತಾಗಲ್ಲ. ಇನ್ನೊಂದು ಮಾತು: 11ರಿಂದ 14ರ ಈ ವಯಸ್ಸಿನಲ್ಲೇ ಮಕ್ಕಳು "ನನಗೆ ಗಣಿತ ಹತ್ತಲ್ಲ", "ನಾನು ಮಾತಾಡೋಕೆ ಬರಲ್ಲ" ಅಂತ ತಮ್ಮ ಬಗ್ಗೆ ತಾವೇ ತೀರ್ಪು ಕೊಟ್ಟುಕೊಂಡು ಕೂರುತ್ತಾರೆ. ಯಾರಾದರೂ "ಇಲ್ಲ, ನೋಡು, ಇದನ್ನು ನೀನು ಮಾಡಿದೀಯ" ಅಂತ ತೋರಿಸಬೇಕು. ಅಂದಹಾಗೆ ನಮ್ಮ ಮೌಲ್ಯಮಾಪನ ಪದ್ಧತಿಯೇ ರ‍್ಯಾಂಕ್ ಕೇಳಲ್ಲ. ವರ್ಷಕ್ಕೆ 4 ರೂಪಣಾತ್ಮಕ (ಪಾಠ ನಡೆಯುವಾಗಲೇ ಮಾಡುವ), 2 ಸಂಕಲನಾತ್ಮಕ (ಅವಧಿಯ ಕೊನೆಗೆ ಮಾಡುವ) ಮೌಲ್ಯಮಾಪನ, ಕೊನೆಗೆ ಗ್ರೇಡ್. ರ‍್ಯಾಂಕ್ ಅನ್ನೋದು ನಾವೇ ಹಚ್ಚಿಕೊಂಡ ಚಟ.

ಹಾಗಾದರೆ ಸಾಧನೆ ಅಂತ ಯಾವುದನ್ನೆಲ್ಲ ಲೆಕ್ಕಕ್ಕೆ ತಗೋತೀರಿ?

ಪ್ರತಿಭಾ ಕಾರಂಜಿ (ಭಾಷಣ, ಕಥೆ ಹೇಳುವುದು ಇಂಥ ಶಾಲಾ ಸ್ಪರ್ಧೆಗಳು), ವಲಯ ಮತ್ತು ತಾಲೂಕು ಮಟ್ಟದ ಕ್ರೀಡಾಕೂಟ, 8ನೇ ತರಗತಿಯವರಿಗೆ ವಿದ್ಯಾರ್ಥಿವೇತನ ಕೊಡಿಸುವ ಎನ್‌ಎಂಎಂಎಸ್ ಪರೀಕ್ಷೆ, ಮಕ್ಕಳ ಹೊಸ ಆಲೋಚನೆಗೆ ದುಡ್ಡು ಕೊಡುವ ಇನ್‌ಸ್ಪೈರ್ ಮಾನಕ್‌ಗೆ ಆಯ್ಕೆ, ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದು, ಇವೆಲ್ಲ ಇದ್ದೇ ಇವೆ. ಇವುಗಳಾಚೆಗೂ ಇದೆ. ಕಪಾಟಿನ ಕಥೆ ಪುಸ್ತಕ ಪೂರ್ತಿ ಓದಿ ಮುಗಿಸಿ "ಮುಂದಿನ ಭಾಗ ಇಲ್ಲವಾ" ಅಂತ ಕೇಳಿದವಳು. ಭಾಗಾಕಾರ ಬಾರದೆ ಒದ್ದಾಡುತ್ತಿದ್ದು ಈಗ ಪಕ್ಕದವನಿಗೆ ಹೇಳಿಕೊಡುತ್ತಿರುವವನು. ಶಾಲೆ ಬಿಟ್ಟು ಕುರಿ ಕಾಯಲು ಹೋಗುತ್ತಿದ್ದ ಗೆಳೆಯನನ್ನು ದಿನಾ ಕರೆದು ಕರೆದು ಕೊನೆಗೂ ತರಗತಿಗೆ ತಂದು ಕೂರಿಸಿದವನು.

ಅಳತೆ ಒಂದೇ. ಏನು ಮಾಡಿದರು ಅಂತ ಒಂದು ವಾಕ್ಯದಲ್ಲಿ ಹೇಳಲು ಬರಬೇಕು. "ಒಳ್ಳೆಯ ಹುಡುಗ" ಅನ್ನೋದು ಸುದ್ದಿಯಲ್ಲ.

ಸುದ್ದಿ ಎಲ್ಲಿ ಹೇಳ್ತೀರಿ? ನಮಗೆ ಗೊತ್ತೇ ಆಗಲ್ಲ.

ಬೆಳಗಿನ ಪ್ರಾರ್ಥನೆಯಲ್ಲಿ, ಗೇಟಿನ ಪಕ್ಕದ ಫಲಕದಲ್ಲಿ, ವಾಟ್ಸಾಪ್ ಗುಂಪಿನಲ್ಲಿ. ದೊಡ್ಡದಾದರೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮತ್ತು ಪೇಪರಿಗೆ. ಆದರೆ ಇದಕ್ಕೊಂದು ಸರದಿ ಉಂಟು. ಮೊದಲು ಮಗುವಿಗೆ, ಆಮೇಲೆ ಮನೆಗೆ, ಆಮೇಲೆ ಉಳಿದವರಿಗೆ. ಮಗಳು ಗೆದ್ದ ಸುದ್ದಿ ತಾಯಿಗೆ ಪಕ್ಕದ ಮನೆಯವರ ಫೋನಿನಿಂದ ಗೊತ್ತಾಗಬಾರದು. ಒಂದು ಕರೆ ಮಾಡಿ "ಅಕ್ಕಾ, ಇವತ್ತು ನಿಮ್ಮ ಮಗಳು ಹೀಗೆ ಮಾಡಿದಳು" ಅಂತ ಹೇಳಲು ಎರಡು ನಿಮಿಷ ಸಾಕು. ಶಾಲೆಯಿಂದ ಫೋನ್ ಬಂದರೆ ಏನೋ ತಕರಾರು ಅಂತಲೇ ಗಾಬರಿಯಾಗುವ ಮನೆಗಳೇ ನಮ್ಮಲ್ಲಿ ಜಾಸ್ತಿ.

ನನ್ನ ಹತ್ತಿರ ದೊಡ್ಡ ಫೋನ್ ಇಲ್ಲ. ಓದೋಕೂ ಬರಲ್ಲ. ನನಗೆ ಹೇಗೆ?

ಚೀಟಿ ಕಳಿಸುತ್ತೇವೆ, ಅದನ್ನು ಮಗುವೇ ನಿಮ್ಮೆದುರು ಓದಿ ಹೇಳುತ್ತದೆ. ನೀವು ರುಜು ಅಥವಾ ಹೆಬ್ಬೆಟ್ಟು ಹಾಕಿ ಕಳಿಸಿದರೆ ತಲುಪಿತು ಅಂತ ನಮಗೂ ಗೊತ್ತಾಗುತ್ತದೆ. ಗುಂಪಿನಲ್ಲಿ ಇದ್ದು ಓದಲು ಬಾರದವರಿಗೆ ಧ್ವನಿ ಸಂದೇಶ. ಇದನ್ನು ಎಲ್ಲ ಶಾಲೆಗಳೂ ಮಾಡಬಹುದು. ಉದ್ದ ಬರಹ ಟೈಪ್ ಮಾಡುವುದಕ್ಕಿಂತ ಸುಲಭ, ಕೇಳುವವರೂ ಜಾಸ್ತಿ.

ಮನೆಯಲ್ಲಿ, ಊರಲ್ಲಿ ಮಾಡಿದ್ದನ್ನು ಶಾಲೆಗೆ ಹೇಳಬಹುದಾ?

ಖಂಡಿತ ಹೇಳಿ. ಇಳಕಲ್ ಕಡೆ ಅಪ್ಪನ ಮಗ್ಗದ ಪಕ್ಕ ಕೂತು ಸೆರಗಿನ ಲೆಕ್ಕ ಕಲಿತ ಹುಡುಗಿ, ಗುಳೇದಗುಡ್ಡದ ಖಣದ ಚಿತ್ತಾರವನ್ನು ಚಿತ್ರಕಲೆ ವಹಿಯಲ್ಲಿ ಬಿಡಿಸಿದ ಹುಡುಗ, ಭಜನೆಯಲ್ಲಿ ತಾಳ ಹಿಡಿಯುವವರು, ಜಾತ್ರೆಯ ಕುಸ್ತಿಯಲ್ಲಿ ಗೆದ್ದವರು, ಎಲ್ಲವೂ ನಮಗೆ ಬೇಕು. ಶಾಲೆಯಲ್ಲಿ ಬಾಯಿ ಬಿಡದ ಮಗು ಹೊರಗೆ ಏನು ಮಾಡುತ್ತದೆ ಅಂತ ಗೊತ್ತಾದರೆ ಪಾಠ ಮಾಡುವವರಿಗೂ ಒಂದು ದಾರಿ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ. "ನಿಮ್ಮ ಮಗು ರಾಷ್ಟ್ರಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದೆ, ಇಷ್ಟು ಶುಲ್ಕ ಕಟ್ಟಿ" ಅಂತ ಬರುವ ಸಂದೇಶ ನಂಬಬೇಡಿ. ದುಡ್ಡು ಕೊಟ್ಟರೆ ಬರುವ ಶೀಲ್ಡನ್ನು ನಾವು ಫಲಕಕ್ಕೆ ಹಾಕುವುದಿಲ್ಲ. ಪಾಲಕರು ಬೇಜಾರಾಗುತ್ತಾರೆ, ಆದರೂ ಹಾಕುವುದಿಲ್ಲ.

## ಹೊಗಳಿಕೆ ಮತ್ತು ಬಹುಮಾನ

"ಭಾಳ ಶಾಣ್ಯಾ ಅದಾನ" ಅಂದರೆ ತಪ್ಪೇನ್ರಿ?

ಪ್ರೀತಿಯಿಂದ ಅನ್ನುವ ಮಾತಿಗೆ ಯಾರೂ ಕೇಸ್ ಹಾಕಲ್ಲ. ಆದರೆ ಅದೊಂದನ್ನೇ ಹೇಳಿದರೆ ತೊಂದರೆ ಇದೆ. ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕೆರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5ನೇ ತರಗತಿಯ ಆಸುಪಾಸಿನ ಮಕ್ಕಳಿಗೆ ಆಕೃತಿಗಳ ಒಗಟು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ "ನೀನು ಜಾಣ" ಅಂದರು, ಕೆಲವರಿಗೆ "ನೀನು ಚೆನ್ನಾಗಿ ಕಷ್ಟಪಟ್ಟೆ" ಅಂದರು. ಆಮೇಲೆ ಕಠಿಣ ಒಗಟು ಕೊಟ್ಟು ಸೋಲಿಸಿದಾಗ ಜಾಣ ಅನ್ನಿಸಿಕೊಂಡವರು ಬೇಗ ಕೈಬಿಟ್ಟರು, ಅವರ ಅಂಕವೂ ಇಳಿಯಿತು. ಕಷ್ಟಪಟ್ಟೆ ಅನ್ನಿಸಿಕೊಂಡವರು ಹಿಡಿದು ಕೂತರು.

ಯಾಕೆ ಅಂತ ಯೋಚಿಸಿ. ಜಾಣ ಅಂತ ಹೆಸರು ಬಿದ್ದ ಮೇಲೆ ತಪ್ಪು ಮಾಡಿದರೆ ಹೆಸರು ಹೋಗುತ್ತದೆ ಅಲ್ವಾ? ಹಾಗಾಗಿ ಕಷ್ಟದ ತಂಟೆಗೇ ಹೋಗುವುದು ಬೇಡ ಅನ್ನಿಸುತ್ತದೆ. ನಾವು ಪ್ರಾರ್ಥನೆಯಲ್ಲಿ ಹೇಳುವುದು ಹೀಗಿರುತ್ತದೆ: "ಇವಳು ಪ್ರಬಂಧವನ್ನು ಮೂರು ಸಲ ತಿದ್ದಿದಳು. ಮೊದಲ ಸಲ ಬರೀ ನೀರಿನ ಮಹತ್ವ ಅಂತ ಬರೆದಿದ್ದಳು. ಕೊನೆಗೆ ತನ್ನ ಓಣಿಯ ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಯಾರು ರಾತ್ರಿ ಎದ್ದು ಕೊಡ ತುಂಬುತ್ತಾರೆ ಅಂತ ಬರೆದಳು." ಇದನ್ನು ಕೇಳಿದ ಹಿಂದಿನ ಸಾಲಿನ ಮಗುವಿಗೂ ಮುಂದಿನ ಸಲ ಏನು ಮಾಡಬೇಕು ಅಂತ ತಿಳಿಯುತ್ತದೆ. "ಶಾಣ್ಯಾ" ಅಂದರೆ ಅದು ತಿಳಿಯಲ್ಲ.

ಬಹುಮಾನ ಏನು ಕೊಡಬೇಕು? ಸ್ಟೀಲ್ ತಾಟು ಕೊಟ್ಟರೆ ನಡೆಯುತ್ತಾ?

ನಡೆಯುತ್ತದೆ, ಆದರೆ ಸಾಮಾನು ಮನೆಯದಾಗುತ್ತದೆ, ಮಗುವಿನದಾಗಲ್ಲ. ಕಂಪಾಸ್ ಬಾಕ್ಸ್, ಬಣ್ಣದ ಡಬ್ಬಿ, ಓದಲು ಪುಸ್ತಕ, ಖೋಖೋ ಆಡುವವರಿಗೆ ಶೂ, ಇವು ಒಳ್ಳೆಯದು. ಪುಸ್ತಕವಾದರೆ ಮೊದಲ ಪುಟದಲ್ಲಿ ಯಾತಕ್ಕೆ ಕೊಟ್ಟಿದ್ದು ಅಂತ ಕೈಯಲ್ಲಿ ಬರೆದು ಕೊಡಿ. ಹಳೆ ವಿದ್ಯಾರ್ಥಿಗಳು ತಂದೆ ತಾಯಿಯ ಹೆಸರಲ್ಲಿ ದತ್ತಿ ಇಡಲು ಬಂದರೆ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯಲ್ಲಿ ಬಹುಮಾನ ಕೊಡಿ, ಎಸ್‌ಡಿಎಂಸಿ ಠರಾವಿನಲ್ಲಿ ಬರೆಸಿ. ಬಾಯಿಮಾತಿನ ದತ್ತಿ ಎರಡು ವರ್ಷಕ್ಕೆ ಮರೆತು ಹೋಗುತ್ತದೆ.

ಮಗು ಇಷ್ಟಪಟ್ಟು ತಾನಾಗೇ ಮಾಡುವ ಕೆಲಸಕ್ಕೆ ಮುಂಚೆಯೇ "ಇದು ಮಾಡಿದರೆ ಇದು ಕೊಡ್ತೀನಿ" ಅನ್ನಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನಃಶಾಸ್ತ್ರಜ್ಞರು ಚಿತ್ರ ಬಿಡಿಸುವ ಹುಚ್ಚಿದ್ದ ಪುಟ್ಟ ಮಕ್ಕಳಿಗೆ ಹೀಗೆ ಆಸೆ ತೋರಿಸಿ ನೋಡಿದರು. ಆಮೇಲೆ ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬಿಡಿಸುವುದೇ ಕಡಿಮೆಯಾಯಿತು. ಹೇಳದೆ ಕೊಟ್ಟವರಲ್ಲಿ ಹಾಗಾಗಲಿಲ್ಲ.

ಒಂದು ದಿನವೂ ತಪ್ಪಿಸದ ಮಕ್ಕಳಿಗೆ ಹಾಜರಾತಿ ಬಹುಮಾನ ಕೊಡಬೇಕಲ್ವಾ?

ನಾನು ಇದರ ವಿರುದ್ಧ. ಕಬ್ಬು ಕಡಿಯುವ ಹಂಗಾಮು ಶುರುವಾದರೆ ನಮ್ಮ ಕಡೆಯ, ವಿಜಯಪುರ ಕಡೆಯ ಎಷ್ಟೋ ಕುಟುಂಬಗಳು ಚಕ್ಕಡಿ, ಟ್ರ್ಯಾಕ್ಟರ್ ಹತ್ತಿ ಹೊರಡುತ್ತವೆ. ಕೆಲವರು ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರಿಗೆ. ಮಗು ಹೋಗುವುದು ಅದರ ಇಷ್ಟದಿಂದಲ್ಲ. ಅಂಥ ಮಗುವಿನ ಎದುರು ಊರಲ್ಲೇ ಇರುವ ಮಗುವಿಗೆ ಹಾಜರಾತಿ ಕಪ್ ಕೊಟ್ಟರೆ ಯಾರ ಪುಣ್ಯಕ್ಕೆ ಯಾರಿಗೆ ಬಹುಮಾನ? ಜ್ವರ ಇದ್ದರೂ ಕಪ್‌ಗೋಸ್ಕರ ಬರುವ ಮಕ್ಕಳ ಕಥೆ ಬೇರೆ.

ಫಲ ಸಿಗುತ್ತದೆ ಅನ್ನೋದೂ ಖಾತ್ರಿಯಿಲ್ಲ. ಅಮೆರಿಕದಲ್ಲಿ 6ರಿಂದ 12ನೇ ತರಗತಿಯ ಸಾವಿರಾರು ಮಕ್ಕಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದಿನ ಪೂರ್ಣ ಹಾಜರಾತಿಗೆ ಪ್ರಶಸ್ತಿ ಪಡೆದವರು ಮುಂದಿನ ತಿಂಗಳು ಇನ್ನೂ ಜಾಸ್ತಿ ರಜೆ ಹಾಕಿದರು. "ಎಲ್ಲರಿಗಿಂತ ಜಾಸ್ತಿ ಬಂದಿದ್ದೀನಿ, ಇನ್ನು ಸಾಕು" ಅನ್ನುವ ಅರ್ಥ ಹೋಗಿತ್ತು. ಅದರ ಬದಲು ಗುಳೆ ಹೋಗಿ ಬಂದು, ಬಿಟ್ಟ ಪಾಠವನ್ನು ಹಿಡಿದುಕೊಂಡ ಮಗುವಿನ ಹೆಸರು ಹೇಳಿ. ಯಾಕೆ ಹೋಗಿತ್ತು ಅನ್ನುವುದನ್ನು ಮೈಕಿನಲ್ಲಿ ಹೇಳಬೇಡಿ. ಯಾವ ಪಾಠ, ಎಷ್ಟು ಬೇಗ ಕಲಿತಿತು, ಅಷ್ಟೇ ಸಾಕು.

ವರ್ಷಕ್ಕೊಮ್ಮೆ ಗ್ಯಾದರಿಂಗ್‌ನಲ್ಲಿ ಎಲ್ಲ ಒಟ್ಟಿಗೆ ಕೊಟ್ಟರಾಯಿತಲ್ಲ?

ಸ್ನೇಹ ಸಮ್ಮೇಳನ ಬೇಕು, ಊರಿಗೆಲ್ಲ ಅದೊಂದು ಹಬ್ಬ. ಆದರೆ ಆಗಸ್ಟ್‌ನಲ್ಲಿ ಗೆದ್ದದ್ದಕ್ಕೆ ಫೆಬ್ರವರಿಯಲ್ಲಿ ಬಹುಮಾನ ಕೊಟ್ಟರೆ ಮಗುವಿಗೇ ಮರೆತಿರುತ್ತದೆ. ಇನ್ನು ಕಾರ್ಯಕ್ರಮ ಹೇಗೆ ನಡೆಯುತ್ತದೆ ನಿಮಗೆ ಗೊತ್ತೇ ಇದೆ. ವೇದಿಕೆ ಮೇಲೆ ಎರಡು ಸಾಲು ಗಣ್ಯರು, ಒಬ್ಬೊಬ್ಬರಿಗೂ ಹಾರ, ತುರಾಯಿ, ಶಾಲು, ಒಬ್ಬೊಬ್ಬರದೂ "ಎರಡೇ ಮಾತು". ಮಕ್ಕಳು ಪೆಂಡಾಲಿನ ಕೆಳಗೆ ಬೆವರುತ್ತಾ ಕೂತಿರುತ್ತಾರೆ. ಬಹುಮಾನ ವಿತರಣೆ ಬರುವ ಹೊತ್ತಿಗೆ ಅತಿಥಿಗಳಿಗೆ ಇನ್ನೊಂದು ಕಡೆ ಹೋಗಬೇಕಿರುತ್ತದೆ, ಹೆಸರುಗಳನ್ನು ಓಡಿಸಿಕೊಂಡು ಓದಿ ಮುಗಿಸುತ್ತಾರೆ.

ನಾವು ಎರಡು ಬದಲಾವಣೆ ಮಾಡಿಕೊಂಡೆವು. ಸಣ್ಣಪುಟ್ಟದ್ದನ್ನೆಲ್ಲ ಶನಿವಾರದ ಪ್ರಾರ್ಥನೆಯಲ್ಲೇ ಮುಗಿಸುತ್ತೇವೆ. ಗ್ಯಾದರಿಂಗ್‌ನಲ್ಲಿ ಬಹುಮಾನ ಮೊದಲು, ಭಾಷಣ ಆಮೇಲೆ. ಮುಖ್ಯ ಗುರುಗಳು ಮೊದಮೊದಲು ಹೆದರಿದ್ದರು, ಅತಿಥಿಗಳು ಏನಂದುಕೊಳ್ಳುತ್ತಾರೋ ಅಂತ. ಯಾರೂ ಏನೂ ಅಂದುಕೊಳ್ಳಲಿಲ್ಲ.

ಫೇಲಾದವರ ಹೆಸರನ್ನೂ ಪ್ರಾರ್ಥನೆಯಲ್ಲಿ ಓದಿ ಸರ್ರ, ಆಗ ಬುದ್ಧಿ ಬರುತ್ತೆ.

ಓದುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅಂಕಪಟ್ಟಿಯ ಫೋಟೋ ತೆಗೆದು ಗುಂಪಿಗೆ ಹಾಕುವುದೂ ನನ್ನ ಲೆಕ್ಕದಲ್ಲಿ ಅದೇ ಜಾತಿಯದು. ನಿಮ್ಮ ಮಗುವಿನ ಗ್ರೇಡ್ ನಿಮಗೆ ಮಾತ್ರ.

## ಸ್ಪರ್ಧೆ, ಪರೀಕ್ಷೆಯ ಸುದ್ದಿ ಓದುವಾಗ

ಕ್ಲಸ್ಟರ್‌ನಲ್ಲಿ ಥರ್ಡ್ ಬಂದರೆ ಅದೂ ಒಂದು ಸುದ್ದೀನಾ?

ಹೌದು. ಪ್ರತಿಭಾ ಕಾರಂಜಿ ಶಾಲೆಯಿಂದ ಶುರುವಾಗಿ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), ತಾಲೂಕು, ಜಿಲ್ಲೆ ಹೀಗೆ ಮೇಲೇರುತ್ತದೆ, ಸಾಮಾನ್ಯವಾಗಿ ಮೊದಲ ಸ್ಥಾನ ಬಂದವರಷ್ಟೇ ಮುಂದೆ ಹೋಗುತ್ತಾರೆ. ಇಲ್ಲಿ ಪಾಲಕರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. 5ರಿಂದ 7ನೇ ತರಗತಿ ಒಂದು ವಿಭಾಗ, 8ರಿಂದ ಮೇಲೆ ಇನ್ನೊಂದು. ಅಂದರೆ ನಮ್ಮ ಶಾಲೆಯ 8ನೇ ತರಗತಿ ಹುಡುಗಿ ಆಶುಭಾಷಣಕ್ಕೆ ಎದ್ದು ನಿಂತರೆ ಎದುರಿಗಿರುವವರು ಹೈಸ್ಕೂಲಿನ 10ನೇ ತರಗತಿಯವರು. ಅಲ್ಲಿ ಮೂರನೆಯವಳಾಗಿ ಬರುವುದು 7ನೇ ತರಗತಿಯಲ್ಲಿ ಮೊದಲು ಬಂದದ್ದಕ್ಕಿಂತ ದೊಡ್ಡದು. ಆ ಹಿನ್ನೆಲೆಯನ್ನು ಸುದ್ದಿಯಲ್ಲೇ ಒಂದು ಸಾಲು ಬರೆಯಬೇಕು, ಇಲ್ಲದಿದ್ದರೆ ಬರೀ "ತೃತೀಯ" ಅಂತ ಓದಿ ಜನ ಮುಂದೆ ಹೋಗುತ್ತಾರೆ.

ಎನ್‌ಎಂಎಂಎಸ್ ಪಾಸ್ ಅಂತ ಬೋರ್ಡಿಗೆ ಹಾಕಿದ್ದೀರಿ. ಅದರಿಂದ ಏನು ಸಿಗುತ್ತೆ?

ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ 8ನೇ ತರಗತಿ ಓದುವವರಿಗೆ ನಡೆಯುವ ಪರೀಕ್ಷೆ ಇದು. ಎರಡು ಪತ್ರಿಕೆ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ ವಿಷಯಗಳದ್ದು, ತಲಾ 90 ಅಂಕ. ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೆ ಬರುತ್ತದೆ. ನಾಲ್ಕು ವರ್ಷಕ್ಕೆ 48,000. ಹೈಸ್ಕೂಲ್ ಮುಗಿಯುವ ಮೊದಲೇ ಮಗಳನ್ನು ಬಿಡಿಸುವ ಮಾತಾಡುವ ಮನೆಯಲ್ಲಿ ಈ ದುಡ್ಡು ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಿದವರಿಗೇ ಗೊತ್ತು.

ಬೋರ್ಡಿನಲ್ಲಿ ಹೆಸರು ಹಾಕಿ ಸುಮ್ನೆ ಕೂರುವ ಸುದ್ದಿ ಅಲ್ಲ ಇದು. ಪಾಸಾಗುವುದು ಮತ್ತು ಆಯ್ಕೆಪಟ್ಟಿಯಲ್ಲಿ ಬರುವುದು ಬೇರೆ ಬೇರೆ. ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿವರ್ಷ ನವೀಕರಿಸಬೇಕು. ಸನ್ಮಾನ ಮಾಡುವ ದಿನವೇ ಇದನ್ನು ಪಾಲಕರಿಗೆ ಬರೆದು ಕೊಡಿ.

ಇನ್‌ಸ್ಪೈರ್‌ಗೆ ಆಯ್ಕೆಯಾದವನಿಗೆ 10,000 ಬಹುಮಾನ ಬಂತಂತೆ, ಹೌದಾ?

ಅದು ಬಹುಮಾನ ಅಲ್ಲ, ಕೆಲಸಕ್ಕೆ ಕೊಟ್ಟ ದುಡ್ಡು. 6ನೇ ತರಗತಿಯಿಂದ ಮೇಲಿನ ಮಕ್ಕಳ ಹೊಸ ಆಲೋಚನೆಗಳನ್ನು ಶಾಲೆ ಕಳಿಸುತ್ತದೆ, ಆಯ್ಕೆಯಾದರೆ ಮಾದರಿ ಮಾಡಿ ಜಿಲ್ಲಾ ಪ್ರದರ್ಶನಕ್ಕೆ ತರಲು 10,000 ರೂಪಾಯಿ ಬರುತ್ತದೆ. "ಹತ್ತು ಸಾವಿರ ಗೆದ್ದ ಬಾಲಕ" ಅಂತ ತಲೆಬರಹ ಕೊಟ್ಟರೆ ಮನೆಯಲ್ಲಿ ದುಡ್ಡು ಬೇರೆ ಖರ್ಚಿಗೆ ಹೋಗುತ್ತದೆ. ಆಲೋಚನೆ ಏನು ಅಂತ ಬರೆಯಿರಿ.

## ಪೇಪರ್, ಫೋಟೋ, ಹೆಸರು

ಪೇಪರಿನವರಿಗೆ ಕಳಿಸ್ತೀವಿ, ಹಾಕೋದೇ ಇಲ್ಲ. ಏನು ಮಾಡಬೇಕು?

ಸಾಮಾನ್ಯವಾಗಿ ಶಾಲೆಗಳಿಂದ ಹೋಗುವ ಸುದ್ದಿ ಹೀಗಿರುತ್ತದೆ: "ನಮ್ಮ ಶಾಲೆಯ ವಿದ್ಯಾರ್ಥಿನಿ ಸಾಧನೆ ಮಾಡಿದ್ದು, ಸದರಿ ವಿದ್ಯಾರ್ಥಿನಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಬಿಆರ್‌ಸಿ, ಸಿಆರ್‌ಪಿ, ಎಸ್‌ಡಿಎಂಸಿ ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರು, ಗ್ರಾಮದ ಗುರುಹಿರಿಯರು ಅಭಿನಂದಿಸಿದ್ದಾರೆ." ಮಗು ಅರ್ಧ ಸಾಲು, ಅಭಿನಂದಿಸಿದವರು ಮೂರು ಸಾಲು. ವರದಿಗಾರರು ಇದನ್ನು ಏನು ಮಾಡಬೇಕು?

ಇದನ್ನು ಹೀಗೆ ಬರೆಯಿರಿ: "ಹುನಗುಂದ ತಾಲೂಕಿನ ಇಂಥ ಊರಿನ ಸರ್ಕಾರಿ ಶಾಲೆಯ 7ನೇ ತರಗತಿ ವಿದ್ಯಾರ್ಥಿನಿ, ಶುಕ್ರವಾರ ನಡೆದ ತಾಲೂಕು ಮಟ್ಟದ ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆಯಲ್ಲಿ ಪ್ರಥಮ ಸ್ಥಾನ ಪಡೆದು ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಾಳೆ. ಅಜ್ಜಿಯಿಂದ ಕೇಳಿದ ಕಥೆಯನ್ನೇ ಹೇಳಿದ್ದಳು." ಯಾರು, ಏನು, ಎಲ್ಲಿ, ಯಾವಾಗ, ಮುಂದೇನು, ಜೊತೆಗೆ ಆ ಮಗುವಿಗೆ ಮಾತ್ರ ಸೇರಿದ ಒಂದು ವಿವರ. ಅಭಿನಂದನೆಗೆ ಒಂದೇ ಸಾಲು ಸಾಕು.

ಕೈಬರಹದ ಪತ್ರದ ಫೋಟೋ ಕಳಿಸಬೇಡಿ. ನುಡಿ ತಂತ್ರಾಂಶದ ಹಳೆ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತವೂ ಬೇಡ, ಫೋನಿನಲ್ಲಿ ತೆರೆದರೆ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ನೇರವಾಗಿ ಸಂದೇಶದಲ್ಲೇ ಟೈಪ್ ಮಾಡಿ. ಅದೇ ದಿನ, ಸಂಜೆಗೆ ಮೊದಲು ಕಳಿಸಿ. ವಾರ ಕಳೆದ ಮೇಲೆ ಕಳಿಸಿ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ನನ್ನ ಮಗಳ ಹೆಸರು ಪೇಪರಿನ್ಯಾಗ ತಪ್ಪ ಬಂದೈತಿ. ಏನ್ ಮಾಡೋದ್ರಿ?

ತಕ್ಷಣ ಶಾಲೆಗೆ ಹೇಳಿ. ನಾವು ವರದಿಗಾರರಿಗೆ ಸರಿಯಾದ ಹೆಸರು ಕಳಿಸಿ ತಿದ್ದುಪಡಿ ಕೇಳುತ್ತೇವೆ, ಫಲಕದಲ್ಲಿ ಕತ್ತರಿಸಿ ಅಂಟಿಸುವಾಗ ಸರಿಯಾದ ಹೆಸರನ್ನು ಕೆಳಗೆ ಬರೆಯುತ್ತೇವೆ. ಗುರುಗಳಿಗೆ: ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ದಾಖಲಾತಿ ವಹಿ ನೋಡಿ ಬರೆಯಿರಿ, ಬಾಯಲ್ಲಿ ಕೇಳಿ ಬರೆಯಬೇಡಿ. ಬಡಿಗೇರ ಬೇರೆ, ಬಡಿಗೇರಿ ಬೇರೆ. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಮೂವರು ಇದ್ದಾಗ ಅಡ್ಡಹೆಸರೇ ಗತಿ. ಪ್ರಮಾಣಪತ್ರದಲ್ಲೂ ಇದೇ ನಿಯಮ, ಯಾಕಂದರೆ ಅದು ಮುಂದೆ ಹತ್ತು ಕಡೆ ತೋರಿಸುವ ಕಾಗದ.

ಫೋಟೋ ಎಲ್ಲಾ ಒಂದೇ ಥರ ಬರುತ್ತೆ, ಮಗು ಕಾಣೋದೇ ಇಲ್ಲ!

ನಿಜ. ಮಧ್ಯದಲ್ಲಿ ಶಾಲು ಹೊದ್ದ ಅತಿಥಿ, ಅಕ್ಕಪಕ್ಕ ಹತ್ತು ಜನ, ಪ್ರಮಾಣಪತ್ರದ ಹಿಂದೆ ಮುಖ ಮುಚ್ಚಿಹೋದ ಮಗು. ಗುಂಪು ಫೋಟೋ ಒಂದು ತೆಗೆಯಿರಿ, ಸಂಬಂಧ ಉಳಿಯಬೇಕಲ್ಲ. ಆಮೇಲೆ ಮಗುವನ್ನು ಒಬ್ಬಳನ್ನೇ ಕರೆದು ಅವಳು ಮಾಡಿದ ಕೆಲಸದ ಜೊತೆ ಇನ್ನೊಂದು ತೆಗೆಯಿರಿ. ಮಣ್ಣಿನ ಮಾದರಿಯಾದರೆ ಕೈಯಲ್ಲಿ ಮಾದರಿ, ಓಟವಾದರೆ ಮೈದಾನ. ಮೊಣಕಾಲೂರಿ ಮಗುವಿನ ಕಣ್ಣಿನ ಎತ್ತರಕ್ಕೆ ಫೋನ್ ಹಿಡಿಯಿರಿ. ಬಿಸಿಲು ನಿಮ್ಮ ಬೆನ್ನಿಗಿರಲಿ, ಆದರೆ ನಮ್ಮ ಕಡೆ ನಡು ಮಧ್ಯಾಹ್ನದ ಬಿಸಿಲಲ್ಲಿ ಯಾರ ಕಣ್ಣೂ ಬಿಡುವುದಿಲ್ಲ, ಅದಕ್ಕೆ ಮರದ ನೆರಳೇ ವಾಸಿ. ಪೇಪರಿಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಗುಣಮಟ್ಟ ಇಳಿಯುತ್ತದೆ.

ನನ್ನ ಮಗಳ ಫೋಟೋ ಎಲ್ಲೂ ಹಾಕಬೇಡಿ ಅಂದರೆ ಕೇಳ್ತೀರಾ?

ಕೇಳುತ್ತೇವೆ, ಕಾರಣ ಹೇಳಬೇಕಾಗಿಲ್ಲ. ವರ್ಷದ ಶುರುವಿನಲ್ಲಿ ಒಂದು ಒಪ್ಪಿಗೆ ಹಾಳೆ ಕಳಿಸುತ್ತೇವೆ: ಶಾಲೆಯ ಒಳಗೆ, ಪಾಲಕರ ಗುಂಪಿನಲ್ಲಿ, ಪೇಪರಿನಲ್ಲಿ, ಸಾಮಾಜಿಕ ಜಾಲತಾಣದಲ್ಲಿ. ನಾಲ್ಕಕ್ಕೂ ಬೇರೆ ಬೇರೆ ಗುರುತು ಹಾಕಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಮಗಳ ಫೋಟೋ ಯಾರ್ಯಾರ ಸ್ಟೇಟಸ್‌ನಲ್ಲಿ ತಿರುಗುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಫೋಟೋ ಇಲ್ಲದೆ ಹೆಸರು, ಅಥವಾ ಹೆಸರಿಲ್ಲದೆ ಅವಳು ಬಿಡಿಸಿದ ಚಿತ್ರ ಹಾಕಬಹುದು.

ಪಾಲಕರೂ ಒಂದು ಕೆಲಸ ಮಾಡಿ. ಅಂಕಪಟ್ಟಿ, ಪ್ರವೇಶಪತ್ರ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವಾಗ ಜನ್ಮದಿನಾಂಕ, ಆಧಾರ್ ಸಂಖ್ಯೆ, ಎಸ್‌ಎಟಿಎಸ್ (ಸರ್ಕಾರಿ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ) ಸಂಖ್ಯೆ, ಜಾತಿಯ ಕಾಲಂ ಕಾಣುತ್ತಿದೆಯಾ ನೋಡಿ. ಬೆರಳಿಟ್ಟು ಮುಚ್ಚಿ ತೆಗೆದರೂ ಸಾಕು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಯಾವಾಗ ನೋಡಿದರೂ ಅದೇ ನಾಲ್ಕು ಮಕ್ಕಳ ಹೆಸರು. ಭೇದಭಾವ ಮಾಡ್ತೀರಾ?

ಬೇಕಂತಲೇ ಯಾರೂ ಮಾಡಲ್ಲ, ಆದರೆ ಆಗಿಬಿಡುತ್ತದೆ. ಮಾತಾಡುವ ಮಕ್ಕಳು ಕಣ್ಣಿಗೆ ಬೀಳುತ್ತಾರೆ, ಮುಂದಿನ ಬೆಂಚಿನವರು ಬೀಳುತ್ತಾರೆ. ಅದಕ್ಕೆ ನೆನಪನ್ನು ನಂಬಬಾರದು. ತರಗತಿಯ ಎಲ್ಲರ ಹೆಸರು ಬರೆದ ಒಂದು ವಹಿ ಇಟ್ಟು, ಯಾರ ಬಗ್ಗೆ ಯಾವತ್ತು ಏನು ಹೇಳಿದೆವು ಅಂತ ಎದುರಿಗೆ ಗುರುತು ಹಾಕಿ. ಎರಡು ತಿಂಗಳಿಗೆ ತೆಗೆದು ನೋಡಿದರೆ ಖಾಲಿ ಸಾಲುಗಳು ಕಾಣುತ್ತವೆ. ಹುಡುಗಿಯರೋ ಹುಡುಗರೋ, ಯಾವ ಓಣಿಯವರು, ತಾಂಡಾದಿಂದ ಬರುವವರು ಎಷ್ಟು, ಇದೂ ಗೊತ್ತಾಗುತ್ತದೆ, ಕೆಲವೊಮ್ಮೆ ಮುಜುಗರವೂ ಆಗುತ್ತದೆ.

ಖಾಲಿ ಸಾಲು ತುಂಬಲು ಏನಾದರೊಂದು ಹೊಗಳಿ ಅಂತ ಅಲ್ಲ. ಸುಳ್ಳು ಹೊಗಳಿಕೆಯನ್ನು ಈ ವಯಸ್ಸಿನ ಮಕ್ಕಳು ಒಂದೇ ಏಟಿಗೆ ಗುರುತಿಸುತ್ತಾರೆ. ಮುಂದಿನ ವಾರ ಆ ಮಗುವನ್ನು ಸ್ವಲ್ಪ ಗಮನ ಕೊಟ್ಟು ನೋಡಿ ಅಂತ ಅರ್ಥ.

ಜಾತಿ ಆಧಾರದ ಸ್ಕಾಲರ್‌ಶಿಪ್ ಬಂದವರ ಪಟ್ಟಿಯನ್ನೂ ಬೋರ್ಡಿಗೆ ಹಾಕಬೇಕಾ?

ಬೇಡ. ಅದು ಹಕ್ಕಿನ ದುಡ್ಡು, ಸ್ಪರ್ಧೆಯಲ್ಲಿ ಗೆದ್ದದ್ದಲ್ಲ. "ಇಂಥವರೆಲ್ಲ ಎದ್ದು ನಿಲ್ಲಿ" ಅಂತ ತರಗತಿಯಲ್ಲಿ ಕೂಗುವ ಚಾಳಿಯೂ ಬೇಡ. ದಾಖಲೆ ಬೇಕಿದ್ದರೆ ಪಾಲಕರಿಗೆ ಬೇರೆಯಾಗಿ ಚೀಟಿ ಕಳಿಸಿ.

ಬಾಲ್ಯವಿವಾಹ ತಪ್ಪಿಸಿಕೊಂಡು ಶಾಲೆಗೆ ಮರಳಿದ ಹುಡುಗಿಯ ಧೈರ್ಯವನ್ನು ಎಲ್ಲರಿಗೂ ಹೇಳಬೇಕಲ್ವಾ?

ಮನಸ್ಸು ಹಾಗೇ ಹೇಳುತ್ತದೆ. ಹೇಳಬೇಡಿ. ಅಂಥ ಮಗು, ಕೂಲಿಯಿಂದ ಬಿಡಿಸಿ ತಂದ ಮಗು, ದೌರ್ಜನ್ಯಕ್ಕೆ ಒಳಗಾದ ಮಗು, ಇವರ ಹೆಸರು, ಊರು, ಶಾಲೆ, ಫೋಟೋ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ ಅಂತ ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಹೇಳುತ್ತದೆ. ಮೀರಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಸರು ಬಿಟ್ಟು ಊರು, ತರಗತಿ ಬರೆದರೂ ಸಣ್ಣ ಊರಿನಲ್ಲಿ ಯಾರು ಅಂತ ಗೊತ್ತಾಗಿಯೇ ಆಗುತ್ತದೆ. ಆ ಹುಡುಗಿ ಅದೇ ಓಣಿಯಲ್ಲಿ ಓಡಾಡಬೇಕು, ಅದೇ ಮನೆಯಲ್ಲಿ ಇರಬೇಕು. ಅವಳ ಎದುರು, ಅವಳಿಗೆ ಮಾತ್ರ ಹೇಳಿ. ಉಳಿದ ಮಕ್ಕಳಿಗೆ 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ತಿಳಿಸಿ, ಅದು ಬೋರ್ಡಿನಲ್ಲಿ ಕಾಯಂ ಇರಲಿ.

ಅಂಗವಿಕಲ ಮಗು ಗೆದ್ದಾಗ ಹೇಗೆ ಬರೆಯಬೇಕು?

ಬೇರೆ ಮಗು ಗೆದ್ದಾಗ ಬರೆದ ಹಾಗೆಯೇ. "ಕಾಲಿಲ್ಲದಿದ್ದರೂ", "ಪಾಪ, ಕಿವಿ ಕೇಳದಿದ್ದರೂ" ಎಂಬ ಆರಂಭ ಬೇಡ. ಚಿತ್ರದಲ್ಲಿ ಬಹುಮಾನ ಬಂದಿದ್ದರೆ ಚಿತ್ರದ ಬಗ್ಗೆ ಬರೆಯಿರಿ. ಅಂಗವಿಕಲತೆಯನ್ನು ಹೇಳಬೇಕೋ ಬೇಡವೋ ಅಂತ ಮಗುವನ್ನೂ ಮನೆಯವರನ್ನೂ ಕೇಳಿ. ವೇದಿಕೆಗೆ ಮೆಟ್ಟಿಲು ಮಾತ್ರ ಇದ್ದರೆ ಅವತ್ತು ಎಲ್ಲ ಬಹುಮಾನವನ್ನೂ ಕೆಳಗೇ ಕೊಡಿ.

ನನ್ನ ಮಗ ನಾಚಿಕೆ ಸ್ವಭಾವದವನು. ಹೆಸರು ಕರೆದರೆ ಮರುದಿನ ಶಾಲೆಗೇ ಹೋಗಲ್ಲ ಅಂತಾನೆ.

ಇಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ, 8ನೇ ತರಗತಿಗೆ ಬಂದ ಮೇಲಂತೂ ಜಾಸ್ತಿ. ಗೆಳೆಯರು ಅಣಕಿಸುತ್ತಾರೆ ಅನ್ನೋ ಭಯ. ಮೊದಲೇ ಪಕ್ಕಕ್ಕೆ ಕರೆದು ಕೇಳುತ್ತೇವೆ: "ಪ್ರಾರ್ಥನೆಯಲ್ಲಿ ಹೇಳಲಾ, ಬೋರ್ಡಿಗೆ ಹಾಕಲಾ, ಮನೆಗೆ ಬರೆದು ಕಳಿಸಲಾ?" ವಹಿಯ ಅಂಚಿನಲ್ಲಿ ಎರಡು ಸಾಲು ಬರೆದರೆ ಸಾಕು ಅನ್ನುವವರೇ ಹೆಚ್ಚು.

ನಮ್ಮ ಮನೆಯಲ್ಲಿ ಮರಾಠಿ. ಕನ್ನಡ ಸುದ್ದಿ ಅರ್ಥ ಆಗಲ್ಲ.

ಇದನ್ನು ಬೆಳಗಾವಿ ಕಡೆಯ ಪಾಲಕರು ಕೇಳುತ್ತಾರೆ, ವಿಜಯಪುರ ಕಡೆ ಉರ್ದು ಮನೆಯವರು. ಗುಂಪಿಗೆ ಕನ್ನಡದಲ್ಲಿ ಹಾಕಿ, ಮನೆಗೆ ಹೋಗುವ ಚೀಟಿಯನ್ನು ಅವರ ಭಾಷೆಯಲ್ಲೇ ಬರೆಸಿ. ಎರಡೂ ಬರೆಯಲು ಬರುವ ಮಗು ತರಗತಿಯಲ್ಲೇ ಇರುತ್ತದೆ. ಬರೆದದ್ದನ್ನು ಆ ಭಾಷೆ ಬಲ್ಲ ಗುರುಗಳೊಬ್ಬರು ನೋಡಲಿ, ಬರೆದ ಮಗುವಿನ ಹೆಸರು ವಹಿಯಲ್ಲಿ ಒಂದು ಗುರುತು ಪಡೆಯಲಿ.

8ನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದ ಮೇಲೆ ಇದೆಲ್ಲ ಯಾರಿಗೆ ಗೊತ್ತಿರುತ್ತೆ?

ಯಾರಿಗೂ ಗೊತ್ತಿರಲ್ಲ, ವರ್ಗಾವಣೆ ಪತ್ರದಲ್ಲಿ ಇದಕ್ಕೆ ಜಾಗವೇ ಇಲ್ಲ. ಹಾಗಾಗಿ ಟಿಸಿ ಜೊತೆ ಒಂದು ಲಕೋಟೆ ಕೊಡುತ್ತೇವೆ. ಅದರಲ್ಲಿ ಪ್ರಮಾಣಪತ್ರಗಳ ನಕಲು, ಮೂರು ವರ್ಷದ ವಹಿಯಿಂದ ಆ ಮಗುವಿನ ಸಾಲುಗಳು, ಎನ್‌ಎಂಎಂಎಸ್ ಆಗಿದ್ದರೆ ಅದರ ಕಾಗದ. ಮೂಲ ಪ್ರತಿಗಳನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಮುದ್ರೆ, ಸಹಿ ಹಾಕಿಸಬೇಕಾದರೆ ತೊಂದರೆ. ಹೈಸ್ಕೂಲಿನಲ್ಲಿ ದಾಖಲಾತಿ ದಿನವೇ ಆ ಲಕೋಟೆಯನ್ನು ತರಗತಿ ಶಿಕ್ಷಕರ ಕೈಗೆ ಕೊಡಿ, ಕಚೇರಿಯ ಕಡತದಲ್ಲಿ ಸೇರಿಸಿಬಿಟ್ಟರೆ ಮತ್ತೆ ಹೊರಗೆ ಬರಲ್ಲ.